ನನ್ನ ಸೋದರತ್ತೆಯ ಗುಪ್ತ ಮತ

ನಮ್ಮ ದೇಶದಲ್ಲಿ ಗುಪ್ತ ಮತದಾನ ಜಾರಿಯಲ್ಲಿದೆ ಎಂದು ನಾನು ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದೆ. ಮಕ್ಕಳು ಅದನ್ನು ಇಪ್ಪತ್ತಾರು ವರ್ಷ ನೋಟುಪುಸ್ತಕದಲ್ಲಿ ಇಳಿಸಿಕೊಂಡರು. ಆದರೆ ಅದು ನಿಜವಾಗಿ ಜಾರಿಯಲ್ಲಿರುವುದು, ನನ್ನ ಖಚಿತ ಅಭಿಪ್ರಾಯದ ಪ್ರಕಾರ, ಒಂದೇ ಒಂದು ಕಡೆ. ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಬರುವ ರಸ್ತೆಯಲ್ಲಿ ಬಸ್ಸಿನಿಂದ ಇಳಿದು ಹತ್ತು ನಿಮಿಷ ನಡೆದರೆ ಸಿಗುವ ನನ್ನ ಸೋದರತ್ತೆಯ ಮನೆಯಲ್ಲಿ.

ಉಳಿದವರ ಮತದಲ್ಲಿ ಗುಪ್ತವಾದದ್ದು ಏನುಂಟು ಹೇಳಿ? ನಮ್ಮ ಮೂಡುಬಿದಿರೆಯ ಬೀದಿಯಲ್ಲಿ ಯಾರ ಓಟು ಯಾರಿಗೆ ಎಂದು ಹಾಲು ಹಾಕುವವನಿಗೂ ಗೊತ್ತು. ಜನ ಮತಗಟ್ಟೆಯಿಂದ ಹೊರಗೆ ಬರುವ ಮೊದಲೇ ಅವರ ಮುಖದ ಮೇಲೆ ಚಿಹ್ನೆ ಮೂಡಿರುತ್ತದೆ. ಕೆಲವರು ಶಾಯಿ ಹಚ್ಚಿದ ಬೆರಳಿನ ಚಿತ್ರವನ್ನು ಫೋನಿನಲ್ಲಿ ಹಾಕಿ, ಅದರ ಕೆಳಗೆ ಒಂದು ಘೋಷಣೆಯನ್ನೂ ಹಾಕಿ, ‘ಗುಪ್ತ’ ಎಂಬ ಪದವನ್ನು ನಿಘಂಟಿಗೇ ಬಿಟ್ಟುಕೊಡುತ್ತಾರೆ. ನನ್ನ ಅತ್ತೆ ಮಾತ್ರ ಮದುವೆಯಾಗಿ ಆ ಮನೆಗೆ ಬಂದ ಮೇಲೆ ನಡೆದ ಎಲ್ಲ ಚುನಾವಣೆಗಳಲ್ಲಿ ಮತ ಹಾಕಿದ್ದಾರೆ. ಯಾರಿಗೆ ಎಂದು ಒಮ್ಮೆಯೂ, ಯಾರ ಬಳಿಯೂ, ಬಾಯಿ ಬಿಟ್ಟಿಲ್ಲ. ಉಳಿದ ವಿಷಯಗಳಲ್ಲಿ ಅವರು ಮೌನಿಯೆಂದು ದಯವಿಟ್ಟು ತಿಳಿಯಬೇಡಿ. ಮೊರದಂಥ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಕುಳಿತರೆ, ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಎಂಬುದರಿಂದ ಹಿಡಿದು ನನ್ನ ರವಿಕೆಯ ಹೊಲಿಗೆ ಯಾಕೆ ಸೊಟ್ಟಗಿದೆ ಎಂಬುದರವರೆಗೆ ಎಲ್ಲವನ್ನೂ ಹೇಳುತ್ತಾರೆ. ಓಟಿನ ಮಾತು ಬಂತೋ, ಬಾಯಿ ಮುಚ್ಚಿತು. ಬೆರಳುಗಳು ಮಾತ್ರ ಎಲೆ ಸುರುಟುತ್ತಾ ಇರುತ್ತವೆ.

(ಮನೆಯಲ್ಲಿ ನಾವೆಲ್ಲ ಆಡುವುದು ತುಳು. ಮುಂದೆ ಬರುವ ಸಂಭಾಷಣೆಗಳನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಅತ್ತೆಯ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಆ ದೋಷ ನನ್ನದು.)

ಇಂಥ ಮೌನದಿಂದ ಊರಿಗೆ ಶಾಂತಿ ಸಿಗಬೇಕಲ್ಲವೇ? ಆದದ್ದು ತದ್ವಿರುದ್ಧ. ಹೇಳದವರ ಮನಸ್ಸನ್ನು ಓದುವ ಚಟ ಜನರಿಗೆ ಹತ್ತಿಕೊಂಡಿತು. ಹಿಂದೊಂದು ಸಲ ಬೆಲ್ಲದ ಪ್ರಕರಣ ನಡೆಯಿತು. ಮನೆಗೆ ಬಂದವರ ಮುಂದೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಇಡುವುದು ನಮ್ಮಲ್ಲಿ ಪದ್ಧತಿ. ಬೆಳಗ್ಗೆ ಒಂದು ಪಕ್ಷದವರು ಮತ ಕೇಳಲು ಬಂದರು. ಅತ್ತೆ ಬೆಲ್ಲ-ನೀರು ಕೊಟ್ಟರು. ಮಧ್ಯಾಹ್ನ ಇನ್ನೊಂದು ಪಕ್ಷದವರು ಬಂದರು. ಅಷ್ಟರಲ್ಲಿ ಬೆಲ್ಲದ ಡಬ್ಬಿಗೆ ಇರುವೆ ಹತ್ತಿತ್ತು. ಅತ್ತೆ ಬರಿಯ ನೀರು ಕೊಟ್ಟರು. ಅಷ್ಟೇ ನಡೆದದ್ದು. ಆದರೆ ಸಂಜೆಯ ಹೊತ್ತಿಗೆ, “ಅವರಿಗೆ ಬೆಲ್ಲವಂತೆ, ಇವರಿಗೆ ಬರೀ ನೀರಂತೆ” ಎಂಬ ಸುದ್ದಿ ಆ ಸಾಲಿನ ಏಳು ಮನೆಗಳನ್ನೂ ದಾಟಿ ಪೇಟೆಯ ಹೋಟೆಲಿಗೆ ತಲುಪಿತ್ತು.

ನೆರೆಮನೆಯ ಗುಲಾಬಿ ನೇರವಾಗಿ ಬಂದು ಕೇಳಿದಳು, “ಮಾಮಿ, ನೀವು ಬೆಲ್ಲ ಕೊಟ್ಟವರಿಗೇ ನಾವೂ ಹಾಕುವುದು ಅಂತ ಮಾಡಿದ್ದೇವೆ. ಸರಿ ಅಲ್ವಾ?”

“ಬೆಲ್ಲಕ್ಕೆ ಇರುವೆ ಹತ್ತಿತ್ತು ಮಾರಾಯ್ತಿ.”

“ಗೊತ್ತಾಯಿತು, ಗೊತ್ತಾಯಿತು,” ಎಂದು ಗುಲಾಬಿ ಕಣ್ಣು ಮಿಟುಕಿಸಿ ಹೋದಳು.

ಮರುದಿನ ನೀರು ಕುಡಿದು ಹೋದ ಪಕ್ಷದ ಊರ ಮುಖಂಡರು ಒಂದು ದೊಡ್ಡ ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಜಗಲಿಯ ಮೇಲಿಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. “ನೀತಿಸಂಹಿತೆ ಉಂಟು. ತೆಗೆದುಕೊಂಡು ಹೋಗಿ,” ಎಂದರು. ಆಮೇಲೆ ಚುನಾವಣೆ ಮುಗಿಯುವವರೆಗೆ ಯಾರು ಬಂದರೂ ನೀರು ಮಾತ್ರ. ನ್ಯಾಯ ಸಮನಾಗಿ ಹಂಚಿಕೆಯಾಯಿತು ಎಂದು ಅವರು ತೃಪ್ತಿಪಟ್ಟುಕೊಂಡರು. ಊರಿನವರು ಅದನ್ನೂ ಓದಿದರು: ಈ ಸಲ ಅವರು ಕಣದಲ್ಲಿರುವ ಯಾರಿಗೂ ಹಾಕುವುದಿಲ್ಲವಂತೆ, ಕೊನೆಯ ‘ನೋಟಾ’ ಗುಂಡಿಯನ್ನೇ ಒತ್ತುವರಂತೆ!

ಅದರ ಮುಂದಿನ ಸಲ ಬಂದದ್ದು ತೆಂಗಿನಕಾಯಿ. ಇಂಥವರಿಗೇ ಮತ ಹಾಕುತ್ತೇವೆಂದು ದೈವದ ಹೆಸರಿನಲ್ಲಿ ಕಾಯಿ ಮುಟ್ಟಿಸಿ ಪ್ರಮಾಣ ಮಾಡಿಸುವ ಉಪಾಯವನ್ನು ಯಾರೋ ಕಂಡುಹಿಡಿದಿದ್ದರು. ನಮ್ಮ ಕಡೆಯ ಜನ ಸರಕಾರಕ್ಕೆ ಹೆದರದಿದ್ದರೂ ದೈವಕ್ಕೆ ಹೆದರುತ್ತಾರೆ. ಹಾಗಾಗಿ ಮನೆ ಮನೆಯ ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಕಾಯಿ ಮುಟ್ಟಿದರು. ಅತ್ತೆಯ ಸರದಿ ಬಂತು. ಅವರು ಕೈಕಾಲು ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಕಾಯಿಯ ಮೇಲೆ ಅಂಗೈ ಊರಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನನ್ನ ಮನಸ್ಸಿನಲ್ಲಿ ಯಾರಿದ್ದಾರೋ ಅವರಿಗೇ ಹಾಕ್ತೇನೆ. ಬೇರೆ ಯಾರಿಗೂ ಹಾಕುವುದಿಲ್ಲ. ದೈವದ ಆಣೆ.” ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಕಾಯಿಯನ್ನು ಎತ್ತಿಕೊಂಡು ಒಳಗೆ ಹೋದರು. ಪ್ರಮಾಣ ಆದ ಮೇಲೆ ಅದು ಪ್ರಸಾದವಲ್ಲವೇ? ಮಧ್ಯಾಹ್ನ ಅದೇ ಕಾಯಿ ಅರೆದು ಬಸಳೆಯ ಸಾಂಬಾರು ಮಾಡಿದರು. ನಾನೂ ಉಂಡಿದ್ದೇನೆ, ರುಚಿಯಾಗಿತ್ತು.

ಈ ಗುಟ್ಟಿನ ಬಿಸಿ ಹೆಚ್ಚು ತಟ್ಟಿದ್ದು ಅತ್ತೆಯ ಗಂಡನಿಗೆ, ಅಂದರೆ ನನ್ನ ಮಾವನಿಗೆ. ಮಾವ ಈಗ ಇಲ್ಲ. ಇದ್ದಾಗ ಅತ್ಯಂತ ಮರ್ಯಾದಸ್ಥರು. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ತಾವೇ ಕ್ಷಮೆ ಕೇಳುವವರು. ಅಂಥವರು ಸ್ನೇಹಿತರ ಒತ್ತಾಯಕ್ಕೆ ಒಮ್ಮೆ ಗ್ರಾಮ ಪಂಚಾಯತ್ ಚುನಾವಣೆಗೆ ನಿಂತರು. ನಿಂತು, ಒಂದೇ ಒಂದು ಮತದಿಂದ ಸೋತರು.

ಒಂದು ಮತದ ಸೋಲು ಎಂದರೆ ಏನೆಂದು ಊಹಿಸಿ. ನೂರು ಮತದಿಂದ ಸೋತರೆ ಊರನ್ನು ಬೈಯಬಹುದು. ಒಂದು ಮತದಿಂದ ಸೋತರೆ ಮನೆಯೊಳಗೆ ನೋಡಬೇಕಾಗುತ್ತದೆ. ಎಲ್ಲರೂ ಅತ್ತೆಯ ಕಡೆ ನೋಡಿದರು. ನನ್ನ ತಂದೆಯವರೇ ತಂಗಿಯನ್ನು ಕರೆದು ವಿಚಾರಣೆ ನಡೆಸಿದರು. ಅತ್ತೆಯದು ಒಂದೇ ಉತ್ತರ, “ಅಣ್ಣ, ಗುಟ್ಟು ಅಂದ ಮೇಲೆ ಗುಟ್ಟು. ಗಂಡ ನಿಂತರೂ ಗುಟ್ಟು, ದೇವರು ನಿಂತರೂ ಗುಟ್ಟು.” ಮಾವ ಮಾತ್ರ ಏನೂ ಕೇಳಲಿಲ್ಲ. ಒಂದು ವಾರ ಅವರು ಊಟ ಸರಿಯಾಗಿ ಮಾಡಲಿಲ್ಲ. ಹೆಂಡತಿಯ ಮೇಲಿನ ಬೇಸರ ಎಂದು ನಾವು ಮರುಗಿದೆವು. ಎಂಟನೆಯ ದಿನ ತಂದೆಯವರು ಅತ್ತೆಯನ್ನು ಮತ್ತೊಮ್ಮೆ ಗದರಿಸುತ್ತಿದ್ದಾಗ ಮಾವನಿಗೆ ತಡೆಯಲಾಗಲಿಲ್ಲ.

“ಅವಳನ್ನು ಬಿಡಿ ಭಾವ,” ಎಂದರು. “ನಾನೇ ನನಗೆ ಹಾಕಲಿಲ್ಲ.”

“ಏನು ಹಾಗೆಂದರೆ?”

“ನಮ್ಮ ಹೆಸರಿಗೆ ನಾವೇ ಮುದ್ರೆ ಒತ್ತಿಕೊಳ್ಳುವುದು ಹೇಗೆ ಭಾವ? ನಾಚಿಕೆ ಆಗುವುದಿಲ್ಲವಾ? ಎದುರಿನವನು ಸಿಕ್ಕಿದಾಗೆಲ್ಲ ನಮಸ್ಕಾರ ಹೇಳುವವನು. ಅವನಿಗೆ ಹಾಕಿದೆ.”

ಆ ಎದುರಿನವರು ಇಂಥ ಮರ್ಯಾದೆಯನ್ನು ಪಾಲಿಸಿರಲಿಲ್ಲ ಎಂದೇ ನನ್ನ ಗುಮಾನಿ. ಆರೋಪದಿಂದ ಮುಕ್ತರಾದ ಅತ್ತೆ, ಈಗಲಾದರೂ “ನಾನು ನಿಮಗೇ ಹಾಕಿದ್ದೆ” ಎಂದು ಗಂಡನಿಗೆ ಸಮಾಧಾನ ಹೇಳಿದರೇ? ಇಲ್ಲ. “ನೀವು ಹೇಳಬಾರದಿತ್ತು. ಗುಟ್ಟು ಬಿಟ್ಟುಕೊಟ್ಟಿರಿ,” ಎಂದು ಅವರನ್ನೇ ಬೈದರು.

ಇಷ್ಟು ಭದ್ರವಾಗಿ ಕಾದ ಕೋಟೆ ಬಿರುಕು ಬಿಟ್ಟದ್ದು ಕಳೆದ ಚುನಾವಣೆಯಲ್ಲಿ. ಶತ್ರು ಹೊರಗಿನಿಂದ ಬರಲಿಲ್ಲ. ಅತ್ತೆಯ ಕಣ್ಣು ಕೈಕೊಟ್ಟಿತು.

ಒಂದು ಕಣ್ಣಿನಲ್ಲಿ ಏನೂ ಕಾಣುವುದಿಲ್ಲ; ಇನ್ನೊಂದರಲ್ಲಿ ಹೊಗೆ ತುಂಬಿದ ಅಡುಗೆಮನೆಯಂತೆ ಎಲ್ಲವೂ ಮಸುಕು. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಮಾಡುವ ಎಂದು ಡಾಕ್ಟರರು ಹೇಳಿದ್ದರು. ಬೀಡಿಗೆ ಅಡ್ಡಿಯಾಗಲಿಲ್ಲ. ಎಲೆ ಕತ್ತರಿಸುವ ಕೆಲಸವನ್ನು ಗುಲಾಬಿಗೆ ಬಿಟ್ಟು, ಹೊಗೆಸೊಪ್ಪು ತುಂಬಿ ಸುರುಟುವುದನ್ನು ಬೆರಳಿನ ಅಂದಾಜಿನಲ್ಲೇ ಮಾಡುತ್ತಿದ್ದರು. ಆದರೆ ಓಟಿನ ಯಂತ್ರದ ಮೇಲಿನ ಚಿಹ್ನೆ ಕಾಣಬೇಡವೇ? ಅಧಿಕಾರಿಗಳು ಮನೆಗೇ ಬಂದು ಮತ ಹಾಕಿಸುವ ಏರ್ಪಾಡು ಈಗ ಉಂಟು. ಅದಕ್ಕೆ ಬೇಕಾದ ವಯಸ್ಸು ಅವರಿಗೆ ಇನ್ನೂ ಆಗಿರಲಿಲ್ಲ, ಅಂಗವೈಕಲ್ಯದ ಪ್ರಮಾಣಪತ್ರವೂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಕಣ್ಣು ಕಾಣದವರು ತಮ್ಮ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಆ ಜೊತೆಗಾರರು ಒಳಗೆ ಕಂಡದ್ದನ್ನು ಹೊರಗೆ ಹೇಳುವುದಿಲ್ಲವೆಂದು ಬರೆದುಕೊಡಬೇಕು.

ಯಾರು ಆ ಒಬ್ಬರು?

ಅತ್ತೆಯ ಮಗ ಸದಾಶಿವ ಭಾವ ಒಂದು ಪಕ್ಷದ ಬೂತ್ ಸಮಿತಿಯಲ್ಲಿದ್ದಾರೆ. ಬಂಟ್ವಾಳ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಳಿಯ ಜಯಂತಣ್ಣ ಎದುರು ಪಕ್ಷದವರು. ಇಬ್ಬರೂ ಒಳ್ಳೆಯವರು. ಮಳೆಗಾಲದಲ್ಲಿ ನೇತ್ರಾವತಿಯ ನೀರು ಅಂಗಡಿಗೆ ನುಗ್ಗಿದಾಗ ಪಾತ್ರೆಗಳನ್ನು ಅಟ್ಟಕ್ಕೆ ಸಾಗಿಸಲು ಸದಾಶಿವ ಭಾವನೇ ಓಡುತ್ತಾರೆ. ಆದರೆ ಚುನಾವಣೆ ಘೋಷಣೆಯಾದ ದಿನದಿಂದ ಇಬ್ಬರ ನಡುವೆ ಮಾತುಕತೆಗೆ ತಡೆಯಾಜ್ಞೆ. ಅಂಥ ಇಬ್ಬರೂ ಮತದಾನಕ್ಕೆ ಹದಿನೈದು ದಿನ ಮೊದಲಿನ ಒಂದು ಭಾನುವಾರ ಅತ್ತೆಯ ಜಗಲಿಯಲ್ಲಿ ಎದುರಾದರು. ನಾನು ಹಲಸಿನಹಣ್ಣು ತಿನ್ನಲೆಂದು ಹೋಗಿದ್ದವಳು, ಅನಾಯಾಸವಾಗಿ ಸಾಕ್ಷಿಯಾದೆ.

“ಅಮ್ಮನನ್ನು ನಾನು ಕರೆದುಕೊಂಡು ಹೋಗ್ತೇನೆ,” ಎಂದರು ಸದಾಶಿವ ಭಾವ. “ಮಗ ಇರುವಾಗ ಬೇರೆಯವರು ಯಾಕೆ?”

“ಮಗ ಇದ್ದಾನೆ ಅಂತಲೇ ನಾನು ಬಂದದ್ದು,” ಎಂದರು ಜಯಂತಣ್ಣ. “ನೀವು ಅತ್ತೆಯ ಓಟು ಹಾಕುವುದಿಲ್ಲ, ನಿಮ್ಮದೇ ಎರಡನೆಯ ಓಟು ಹಾಕ್ತೀರಿ.”

“ನೀವು ಬಂಟ್ವಾಳದಿಂದ ಪೆಟ್ರೋಲು ಸುಟ್ಟುಕೊಂಡು ಬಂದದ್ದು ಅತ್ತೆಯ ಮೇಲಿನ ಪ್ರೀತಿಗೋ?”

“ಪ್ರೀತಿ ಇಲ್ಲದೆ ಪ್ರತೀ ವರ್ಷ ಕುಕ್ಕರಿನ ರಬ್ಬರು ತಂದುಕೊಡ್ತೇನಾ?”

ಅತ್ತೆ ಬೀಡಿಗೆ ದಾರ ಸುತ್ತುತ್ತಾ ಕೇಳುತ್ತಿದ್ದರು. ಸದಾಶಿವ ಭಾವ ಅವರ ಬಳಿ ಕುಳಿತು ದನಿ ತಗ್ಗಿಸಿದರು. “ಅಮ್ಮ, ನಿಮಗೆ ಕಾಣುವುದಿಲ್ಲ. ನಾನು ಒತ್ತಿದರೇನು, ನೀವು ಒತ್ತಿದರೇನು? ಮನೆಯ ಓಟು ಮನೆಗೇ ತಾನೇ.”

ದಾರ ಸುತ್ತುತ್ತಿದ್ದ ಕೈ ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಬಹುಶಃ ಅದೇ ಮೊದಲು.

“ಸದಾಶಿವ,” ಎಂದರು ಅತ್ತೆ. “ನಾನು ಈ ಮನೆಗೆ ಬಂದ ಮೊದಲ ಓಟಿಗೆ ನಿನ್ನ ಅಜ್ಜ ನಮ್ಮೆಲ್ಲರನ್ನೂ, ಐದು ಜನ ಹೆಂಗಸರನ್ನು, ಸಾಲಾಗಿ ನಿಲ್ಲಿಸಿ ಯಾವುದಕ್ಕೆ ಒತ್ತಬೇಕು ಅಂತ ಹೇಳಿದರು. ಬಂದ ಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿದರು. ನಾಲ್ಕು ಜನ ಹೇಳಿದರು. ನಾನು ಹೇಳಲಿಲ್ಲ. ಆ ದಿನ ನನಗೆ ಊಟ ಹಾಕಲಿಲ್ಲ. ಹಾಕದಿದ್ದರೆ ಬೇಡ ಅಂತ ಮಲಗಿದೆ. ಈ ಮನೆ ಅವರದು, ಆಮೇಲೆ ನಿನ್ನ ಅಪ್ಪನದು, ಈಗ ನಿನ್ನದು. ಚಿನ್ನ ಮಗಳಿಗೆ ಕೊಟ್ಟೆ. ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿನವರದು. ನನ್ನದು ಅಂತ ಯಾರಿಗೂ ಕೊಡದೆ ಇಟ್ಟುಕೊಂಡದ್ದು ಅದೊಂದು. ಅದಕ್ಕೂ ನೀನು ಕೈ ಹಾಕ್ತೀಯಾ?”

ಹಲಸಿನ ತೊಳೆ ನನ್ನ ಕೈಯಲ್ಲೇ ಉಳಿಯಿತು. ಜಯಂತಣ್ಣ ತಮಗೆ ಜಯವಾಯಿತೆಂದು ತಿಳಿದು ಸ್ವಲ್ಪ ಮುಂದಕ್ಕೆ ಸರಿದು ಕುಳಿತರು. ಅತ್ತೆ ಆ ಸದ್ದನ್ನು ಗುರುತಿಸಿದರು. “ನೀನೂ ಹಿಂದೆ ಸರಿ ಮಾರಾಯ,” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, “ಟೀಚರ್ ಬರಲಿ ನನ್ನ ಜೊತೆ,” ಎಂದು ತೀರ್ಪು ಕೊಟ್ಟರು.

“ಟೀಚರ್ ಯಾಕೆ?” ಎಂದು ಇಬ್ಬರೂ ಒಂದೇ ಕಂಠದಲ್ಲಿ ಕೇಳಿದರು. ಆ ಚುನಾವಣೆಯಲ್ಲಿ ಅವರು ಒಂದಾದದ್ದು ಅದೊಂದೇ ಸಲ.

“ಪರೀಕ್ಷೆಯ ಪ್ರಶ್ನೆಪತ್ರಿಕೆ ಕಪಾಟಿನಲ್ಲಿ ಇಟ್ಟುಕೊಂಡು ಹೆತ್ತ ಮಗಳಿಗೂ ತೋರಿಸದವಳು ಅವಳು. ಆ ಮಗು ಇವಳ ಪಾಠದಲ್ಲೇ ಕಡಿಮೆ ಅಂಕ ತೆಗೆದು ಅತ್ತದ್ದು ನೆನಪಿಲ್ಲವಾ?”

ಇದು ಹೊಗಳಿಕೆಯೋ ನಿಂದೆಯೋ ಎಂದು ನಾನು ಇಂದಿಗೂ ನಿಶ್ಚಯಿಸಿಲ್ಲ. ಆದರೆ ಜವಾಬ್ದಾರಿಯನ್ನು ಕ್ರಮಬದ್ಧವಾಗಿ ನಿರ್ವಹಿಸಬೇಕೆಂದು ನಿರ್ಧರಿಸಿ, ಮರುದಿನವೇ ನಿಯಮಗಳನ್ನು ಓದಿಕೊಂಡು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. “ಅತ್ತೆ, ನೀವು ಹೆಸರು ಹೇಳಿ. ನಾನು ಒತ್ತುತ್ತೇನೆ. ನನ್ನ ಬಾಯಿಂದ ಹೊರಗೆ ಬರುವುದಿಲ್ಲ,” ಎಂದೆ.

“ಹೆಸರು ಹೇಳಿದರೆ ಗುಟ್ಟು ಎಲ್ಲಿ ಉಳಿಯಿತು?”

“ಮತ್ತೆ ನಾನು ಯಾಕೆ ಬರುವುದು?”

“ಮೆಟ್ಟಿಲು ಹತ್ತಿಸಲಿಕ್ಕೆ.”

ಅವರ ಯೋಜನೆ ಬೇರೆಯೇ ಇತ್ತು. ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿಟ್ಟಿದ್ದರು. ಮರದ ಹಲಗೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು ಕೊರೆದು, ಅದರಲ್ಲಿ ಬೀಜ ಹಾಕಿ ಆಡುವ ಮಣೆ ಅದು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಾತ್ರ ಅದನ್ನು ಹೊರಗೆ ತೆಗೆಯುವುದು. ಬೇರೆ ಕಾಲದಲ್ಲಿ ಆಡಬಾರದೆಂದು ಹಿರಿಯರು ಹೇಳುತ್ತಾರೆ. ಬೇಸಿಗೆಯ ಉರಿಬಿಸಿಲಿನಲ್ಲಿ ಜಗಲಿಯ ಮೇಲೆ ಚೆನ್ನೆಮಣೆ ಕಂಡ ಗುಲಾಬಿ, ಮಾಮಿಗೆ ಕಣ್ಣಿನ ಜೊತೆ ತಲೆಯೂ ಮಂಜಾಯಿತೇ ಎಂದು ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು.

ಅತ್ತೆಯ ಲೆಕ್ಕ ಸರಳವಾಗಿತ್ತು. ಅಭ್ಯರ್ಥಿಗಳ ಹೆಸರು ಯಂತ್ರದ ಮೇಲೆ ಯಾವ ಕ್ರಮದಲ್ಲಿದೆಯೆಂದು ನಾನು ಓದಿ ಹೇಳಬೇಕು. ಮೇಲಿನ ಗುಂಡಿಯಿಂದ ಬೆರಳಿನಲ್ಲಿ ಎಣಿಸುತ್ತಾ ಇಳಿದರೆ ಬೇಕಾದದ್ದು ಸಿಗುತ್ತದೆ. ಬೀಡಿಯನ್ನು ಇಪ್ಪತ್ತೈದರ ಕಟ್ಟು ಕಟ್ಟಿ ಕಟ್ಟಿ ಪಳಗಿದ ಬೆರಳು. ಅದಕ್ಕೆ ಕಣ್ಣು ಯಾಕೆ? ಚೆನ್ನೆಮಣೆಯನ್ನು ಉದ್ದಕ್ಕೆ ನಿಲ್ಲಿಸಿ ಅಭ್ಯಾಸ ಶುರುವಾಯಿತು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಹಾಜರಿ ಕರೆಯುವ ಹಾಗೆ ಓದಿದೆ. ಯಾವ ಹೆಸರಿಗೆ ಅವರ ರೆಪ್ಪೆ ಅಲುಗುತ್ತದೆ ಎಂದು ಓರೆಗಣ್ಣಿನಲ್ಲಿ ನೋಡಿದೆ, ಸುಳ್ಳೇಕೆ ಹೇಳಲಿ? ಅಲುಗಲಿಲ್ಲ. ಯಾವ ಗುಳಿಗೆ ಬೀಜ ಹಾಕುತ್ತಾರೆ ಎಂದು ನೋಡಿದೆ. ಅವರು ಪ್ರತಿಯೊಂದು ಗುಳಿಗೂ ಒಂದೊಂದು ಬೀಜ ಹಾಕಿ, “ಎಲ್ಲರಿಗೂ ಸಮ,” ಎಂದು ನಕ್ಕರು.

“ಇಷ್ಟು ಕಷ್ಟ ಯಾಕೆ ಅತ್ತೆ?” ಎಂದೆ. “ನನಗೆ ಗೊತ್ತಾದರೆ ಏನಾಗ್ತದೆ?”

ಅವರು ಬೀಜಗಳನ್ನು ಒಟ್ಟುಮಾಡುತ್ತಾ, “ನೀನು ಯಾರಿಗೆ ಹಾಕ್ತೀ ಅಂತ ನಿನ್ನ ಗಂಡನಿಗೆ ಗೊತ್ತುಂಟಾ?” ಎಂದು ಕೇಳಿದರು.

“ಗೊತ್ತುಂಟು. ಇಬ್ಬರೂ ಮಾತಾಡಿಕೊಂಡೇ ಹೋಗುವುದು.”

“ಮಾತಾಡುವುದು ಯಾರು, ಕೇಳುವುದು ಯಾರು?”

ನನ್ನ ಯಜಮಾನರು ದಬ್ಬಾಳಿಕೆಯವರಲ್ಲ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಬೆಳಗಿನ ಕಾಫಿಯ ಜೊತೆಗೆ ಅದರ ಸಾರವನ್ನು ನನಗೂ ಬಡಿಸುತ್ತಾರೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಸಾರವನ್ನು ಕಾಫಿಯ ಜೊತೆಗೇ ಕುಡಿದಿದ್ದೇನೆ. ಅದು ನನ್ನದೇ ಅಭಿಪ್ರಾಯವೋ ಅಲ್ಲವೋ ಎಂದು ಬೇರ್ಪಡಿಸಿ ನೋಡುವ ಪ್ರಮೇಯ ಬಂದಿರಲಿಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ ಎರಡು ಸಾಲು ಒಂದೇ ರೀತಿ ಕಂಡರೆ ನಕಲು ಎಂದು ಕೆಂಪು ಗೆರೆ ಎಳೆದವಳು ನಾನು.

“ನೀನು ಶಾಲೆಯಲ್ಲಿ ಅದನ್ನೇ ಕಲಿಸಿದ್ದಲ್ವಾ?” ಎಂದು ಅತ್ತೆ ಕೇಳಿದರು. ಅವರು ವ್ಯಂಗ್ಯವಾಡಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು. ಅದು ಇನ್ನಷ್ಟು ಕಷ್ಟ.

ಮತದಾನದ ದಿನ ಬೆಳಗ್ಗೆ ಏಳಕ್ಕೇ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಸಿದ್ಧರಾಗಿದ್ದರು. ಸೀರೆಗೆ ಯಾವ ಪಕ್ಷದ ಬಣ್ಣವೂ ಇರಬಾರದೆಂದು ಹುಡುಕಿ ಹುಡುಕಿ, ಕಾಫಿಪುಡಿ ಬಣ್ಣದ್ದೊಂದನ್ನು ಉಟ್ಟಿದ್ದರು. ಆಟೋದಲ್ಲಿ ಶಾಲೆಯ ಗೇಟಿನವರೆಗೆ ಹೋದೆವು. ಸದಾಶಿವ ಭಾವ ನಿಯಮದಂತೆ ದೂರದಲ್ಲಿ ಹಾಕಿದ್ದ ತಮ್ಮ ಪಕ್ಷದ ಮೇಜಿನಿಂದ ನಮ್ಮನ್ನು ನೋಡಿದರು, ಎದ್ದು ಬರಲಿಲ್ಲ. ಅಷ್ಟರಮಟ್ಟಿಗೆ ಆ ಭಾನುವಾರದ ಮಾತು ಕೆಲಸ ಮಾಡಿತ್ತು. ಒಳಗೆ ಅಧಿಕಾರಿಗಳು ನನ್ನಿಂದ ಪ್ರತಿಜ್ಞೆಯ ಹಾಳೆಗೆ ಸಹಿ ಹಾಕಿಸಿಕೊಂಡರು. ನಾನು ಅದನ್ನು ಪೂರ್ತಿ ಓದಿ, ಮತ್ತೊಮ್ಮೆ ಓದಿ, ಸಹಿ ಹಾಕಿದೆ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

ರಟ್ಟಿನ ಮರೆಯೊಳಗೆ ನಾವಿಬ್ಬರೂ ನಿಂತೆವು. ನಾನು ಅತ್ತೆಯ ಬಲಗೈಯ ತೋರುಬೆರಳನ್ನು ಹಿಡಿದು ಮೊದಲ ಗುಂಡಿಯ ಮೇಲಿಟ್ಟೆ.

“ಇದು ಮೇಲಿನದ್ದು.”

“ಸರಿ. ಈಗ ತಿರುಗು.”

ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಮಕ್ಕಳಿಗಾಗಿ ಬರೆದ ಎರಡರ ಮಗ್ಗಿ ಇತ್ತು; ಅದನ್ನೇ ಓದತೊಡಗಿದೆ. ಎರಡೆಂಟ್ಲ ಹದಿನಾರರವರೆಗೆ ಬಂದರೂ ಯಂತ್ರ ಸದ್ದು ಮಾಡಲಿಲ್ಲ. ಮಗ್ಗಿ ಮುಗಿಯಿತು. ಸದ್ದಿಲ್ಲ.

“ಮಗಾ,” ಎಂದರು ಅತ್ತೆ, ಬಹಳ ಮೆಲ್ಲಗೆ. “ಈ ಗುಂಡಿಗಳು ಹತ್ತಿರ ಹತ್ತಿರ ಉಂಟು. ಮಣೆಯ ಹಾಗಲ್ಲ.”

“ಇನ್ನೊಮ್ಮೆ ಮೇಲಿನಿಂದ ಎಣಿಸಿ ಅತ್ತೆ.”

“ಎರಡು ಸಲ ಎಣಿಸಿದೆ. ಎರಡು ಸಲವೂ ಬೇರೆ ಬೇರೆ ಕಡೆ ಬಂತು. ಒತ್ತಿದ ಮೇಲೆ ಚೀಟಿ ಕಾಣ್ತದೆ ಅಲ್ವಾ?”

“ಏಳು ಸೆಕೆಂಡು ಕಾಣ್ತದೆ.”

“ನನಗೆ ಕಾಣುವುದಿಲ್ಲ.”

ಸುಮ್ಮನೆ ಒತ್ತಿಬಿಟ್ಟರೆ ಅವರ ಗುಟ್ಟು ಉಳಿಯುತ್ತಿತ್ತು. ಆದರೆ ಮತ ಯಾರ ಪಾಲಾಯಿತೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಊಟ ಬಿಟ್ಟು ಮಲಗಿದ ದಿನದಿಂದ ಕಾಪಾಡಿಕೊಂಡು ಬಂದದ್ದು ಗುಟ್ಟನ್ನೋ, ಮತವನ್ನೋ? ಆ ರಟ್ಟಿನ ಮರೆಯಲ್ಲಿ ಅವರು ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಹೊರಗಿನಿಂದ ಅಧಿಕಾರಿಯವರು, “ಆಯಿತಾ ಅಮ್ಮ?” ಎಂದು ಕೇಳಿದರು.

ಅತ್ತೆ ನನ್ನ ಭುಜ ತಡವಿ, ಹತ್ತಿರಕ್ಕೆ ಎಳೆದುಕೊಂಡು, ಕಿವಿಯಲ್ಲಿ ಒಂದು ಹೆಸರು ಹೇಳಿದರು.

ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಹೇಳಲೇಬೇಕಾಗಿ ಬಂದಾಗ ಒಂದು ದನಿಯಲ್ಲಿ ಹೇಳುತ್ತಿದ್ದರು. ತಲೆ ತಗ್ಗಿಸಿ, ಅರ್ಧ ನಕ್ಕು, ಕೊನೆಯ ಅಕ್ಷರವನ್ನು ನುಂಗಿ. ಆ ದನಿಯಲ್ಲಿ ಹೇಳಿದರು. “ಬೆರಳು ಅಲ್ಲೇ ಉಂಟಾ ನೋಡು,” ಎಂದರು.

ನಾನು ತಿರುಗಿ ನೋಡಿದೆ. ಬೆರಳು ಒಂದು ಗುಂಡಿ ಕೆಳಗಿತ್ತು.

ಬೆರಳು ನಿಂತಿದ್ದ ಹೆಸರು ಯಾರದು, ಅವರು ಹೇಳಿದ ಹೆಸರು ಯಾರದು, ಎರಡನ್ನೂ ನಾನು ಬರೆಯುವುದಿಲ್ಲ, ಸಹಿ ಹಾಕಿದ್ದೇನೆ. “ಸರಿ ಉಂಟು ಅತ್ತೆ” ಎಂಬ ಮೂರು ಪದಗಳಿಗೆ ಆ ಕ್ಷಣದಲ್ಲಿ ಎಷ್ಟು ಶಕ್ತಿಯಿತ್ತು ಎಂದಷ್ಟೇ ಬರೆಯುತ್ತೇನೆ. ಹೊರಗೆ ಮೈಕು, ಮೆರವಣಿಗೆ, ಕಾಯಿ, ಬೆಲ್ಲ ಎಲ್ಲವೂ ಸೇರಿ ಮಾಡಲಾಗದ್ದನ್ನು ಅವು ಮಾಡಬಹುದಿತ್ತು. ಯಾರಿಗೂ ಎಂದೆಂದಿಗೂ ಗೊತ್ತಾಗುತ್ತಿರಲಿಲ್ಲ.

“ಒಂದು ಮೇಲೆ, ಅತ್ತೆ,” ಎಂದೆ.

ಬೆರಳು ಒಂದು ಮೇಲಕ್ಕೆ ಸರಿಯಿತು.

“ಈಗ?”

“ಈಗ ಸರಿ.”

ಅವರು ಒತ್ತಿದರು. ಯಂತ್ರ ಉದ್ದಕ್ಕೆ ಕೂಗಿತು. ಚೀಟಿ ಕಂಡಿತು, ಅದರಲ್ಲಿದ್ದದ್ದು ಅದೇ ಹೆಸರು. “ಬಿತ್ತು ಅತ್ತೆ. ನೀವು ಹೇಳಿದವರಿಗೇ ಬಿತ್ತು,” ಎಂದೆ. ಅತ್ತೆ ಸೆರಗು ಸರಿಮಾಡಿಕೊಂಡು, ಹೊರಗೆ ಬಂದು, ಅಧಿಕಾರಿಗಳೆಲ್ಲರಿಗೂ ಕೈಮುಗಿದರು; ಒಬ್ಬರು ನಿಂತಿದ್ದ ದಿಕ್ಕು ತಪ್ಪಿ ನೀರಿನ ಕೊಡಪಾನಕ್ಕೂ ಮುಗಿದರು.

ಮರಳುವಾಗ ಆಟೋದಲ್ಲಿ ಅವರು ಹೊರಗಿನ ಗಾಳಿಗೆ ಮುಖ ಕೊಟ್ಟು ಕುಳಿತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ಗಂಡನಿಗೆ, ಅಣ್ಣನಿಗೆ, ಹೆತ್ತ ಮಗನಿಗೆ ಸಿಗದ್ದು ನನ್ನ ಕೈಗೆ ಬಂದಿತ್ತು. ಅದನ್ನು ಬರಿಗೈಯಲ್ಲಿ ಪಡೆದುಕೊಂಡು ಹೋಗುವುದು ಹೇಗೆ? ನನ್ನ ಮತ ಮೂಡುಬಿದಿರೆಯಲ್ಲಿ, ಇನ್ನೂ ಹಾಕಿರಲಿಲ್ಲ. ಕೆಲವು ದಿನಗಳಿಂದ ನಾನು ಒಬ್ಬಳೇ ಕುಳಿತು ಯೋಚಿಸಿ, ಜೀವನದಲ್ಲಿ ಮೊದಲ ಬಾರಿಗೆ ಒಂದು ಹೆಸರನ್ನು ನಿಶ್ಚಯಿಸಿಕೊಂಡಿದ್ದೆ. ಯಜಮಾನರಿಗೂ ಹೇಳಿರಲಿಲ್ಲ.

“ಅತ್ತೆ,” ಎಂದೆ. “ನಿಮ್ಮದು ನನಗೆ ಗೊತ್ತಾಯಿತು. ನನ್ನದನ್ನೂ ನಿಮಗೆ ಹೇಳ್ತೇನೆ. ನಾನು ಈ ಸಲ ಹಾಕುವುದು...”

ಅವರು ಕೈ ಚಾಚಿ, ತಡಕಾಡಿ, ನನ್ನ ಗಲ್ಲವನ್ನು ಮುಟ್ಟಿ, ಅಲ್ಲಿಂದ ದಾರಿ ಹುಡುಕಿಕೊಂಡು ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

“ಬೇಡ ಮಗಾ,” ಎಂದರು. “ಅದು ನಿನ್ನದು.”

ಅವರನ್ನು ಮನೆಗೆ ಬಿಟ್ಟು ನಾನು ಮೂಡುಬಿದಿರೆಯ ಬಸ್ಸು ಹತ್ತಿದೆ. ಅಂಗೈಯ ಹೊಗೆಸೊಪ್ಪಿನ ಘಾಟು ತುಟಿಯ ಮೇಲೆ ಹಾಗೆಯೇ ಇತ್ತು. ನನ್ನ ಮತಗಟ್ಟೆ ತಲುಪುವವರೆಗೂ ನಾನು ಅದನ್ನು ಒರೆಸಿಕೊಳ್ಳಲಿಲ್ಲ.